ಅಶ್ವತ್ಥಯ್ಯನವರ ನಾಲ್ಕನೇ ಒದೆ

ಪರದೆಯ ಹಿಂದಿನಿಂದ ‘ಟಕ್’ ಎಂದು ಸದ್ದಾಯಿತು. ಒಣಗಿದ ಹುಣಸೆಕಾಯಿ ಮುರಿದಂಥ ಸದ್ದು. ಅದರ ಬೆನ್ನಿಗೇ ಯಾರೋ ಗಂಡಸು “ಅಯ್ಯಪ್ಪಾ” ಎಂದು, ನೋವಿಗೋ ಸುಖಕ್ಕೋ ಗೊತ್ತಾಗದ ಹಾಗೆ ಉಸಿರು ಬಿಟ್ಟ. ಮಾರತ್ತಹಳ್ಳಿಯ ಈ ಕೈರೋಪ್ರಾಕ್ಟಿಕ್ ಕ್ಲಿನಿಕ್ಕಿನಲ್ಲಿ ಹೆಂಡತಿಯ ಪಕ್ಕ ಒಂದು ಕಡೆಗೆ ವಾಲಿಕೊಂಡು ಕೂತಿದ್ದ ನಾನು ನಕ್ಕುಬಿಟ್ಟೆ. ನಕ್ಕರೆ ಸೊಂಟ ಹಿಡಿಯುತ್ತದೆ, ಆದ್ದರಿಂದ ಅರ್ಧಕ್ಕೇ ನಿಲ್ಲಿಸಿದೆ.

“ಏನ್ರೀ ಅದು ನಗೋದು? ಒಳಗಿರೋರು ಪಾಪ ಪ್ರಾಣ ಬಿಡ್ತಾ ಇದಾರೆ” ಎಂದಳು ಹೆಂಡತಿ.

ನಗದೆ ಏನು ಮಾಡಲಿ ಹೇಳಿ. ಇಲ್ಲಿ ಗೋಡೆಗೆ ಪ್ಲಾಸ್ಟಿಕ್ಕಿನ ಬೆನ್ನುಮೂಳೆ ನೇತು ಹಾಕಿ ಒಂದೊಂದು ಮೂಳೆಗೂ ನಂಬರು ಕೊಟ್ಟಿದ್ದಾರೆ. ಡಾಕ್ಟರು ಇದಕ್ಕೇ ಅಂತ ವರ್ಷಗಟ್ಟಲೆ ಓದಿ ಬಂದವರಂತೆ. ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಕೈಯಲ್ಲಿ ಒತ್ತಿ ಮೂಳೆ ಸರಿಮಾಡುವುದು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಓದಿದವರ ಮೇಲೆ ನನಗೆ ಗೌರವವೂ ಇದೆ, ಒಂದು ಚೂರು ಅನುಮಾನವೂ ಇದೆ. ಇದೇ ‘ಟಕ್’ ಸದ್ದನ್ನು ನನ್ನ ಬೆನ್ನಿನಿಂದ ಎಷ್ಟೋ ವರ್ಷಗಳ ಹಿಂದೆಯೇ ಹೊರಡಿಸಿದವರು ಒಬ್ಬರಿದ್ದರು. ಅವರಿಗೆ ಯಾವ ಮೂಳೆಯ ನಂಬರೂ ಗೊತ್ತಿರಲಿಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರು, ಹೆಸರು ಅಶ್ವತ್ಥಯ್ಯ. ನಮ್ಮ ಸರದಿ ಬರುವ ತನಕ ಹೇಳುತ್ತೇನೆ, ಕೇಳಿ.

ಆಗ ಎಂಬತ್ತರ ದಶಕ ಹೊಸದು, ನನಗೂ ಪ್ರಾಯ. ಮದುವೆ ಆಗಿರಲಿಲ್ಲ. ರಾಜಗೋಪಾಲನಗರದಲ್ಲಿ ಶೀಟಿನ ಮನೆ. ಮಳೆ ಬಂದರೆ ಮನೆಯೊಳಗೆ ಮಾತು ಕೇಳಿಸುತ್ತಿರಲಿಲ್ಲ, ಒಬ್ಬನೇ ಇದ್ದುದರಿಂದ ನಷ್ಟವೇನೂ ಇರಲಿಲ್ಲ. ನಾನೂ ಅದೇ ಕಾರ್ಖಾನೆಯವನು; ನಮ್ಮ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಮಿಷನ್ನಿನ ಮುಂದೆ ನಿಂತು ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ, ಹೋಗಲಿ ಬಿಡಿ. ಆ ಜಂಬಕ್ಕೆ ಸರಿಯಾಗಿ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಿಂದ ನನಗೆ ಟ್ರೇಡ್ ಟೆಸ್ಟಿನ ಪತ್ರ ಬಂದಿತ್ತು. ಸೋಮವಾರ ಬೆಳಿಗ್ಗೆ ಅವರ ಮಿಷನ್ನಿನ ಮುಂದೆ ನಾಲ್ಕು ಗಂಟೆ ನಿಂತು ಅವರು ಕೊಟ್ಟ ಜಾಬ್ ಮಾಡಿ ತೋರಿಸಬೇಕು. ಸರ್ಟಿಫಿಕೇಟು ಕೇಳುವುದಿಲ್ಲ, ಕೈ ನೋಡುತ್ತಾರೆ. ಮುಂದಿನ ವರ್ಷಕ್ಕೆ ನನಗೆ ವಯಸ್ಸು ಮೀರುತ್ತಿತ್ತು. ಅಂದರೆ ಇದು ತಪ್ಪಿದರೆ ಮುಗಿಯಿತು.

ಗುರುವಾರ ನಾನು ಮಿಷನ್ನಿನ ಚಕ್ಕು ಎತ್ತಿದೆ. ಜಾಬನ್ನು, ಅಂದರೆ ಕಡೆಯಬೇಕಾದ ಲೋಹದ ತುಂಡನ್ನು, ಕಚ್ಚಿ ಹಿಡಿಯುವ ಭಾರದ ಚಕ್ರ ಅದು, ಇಬ್ಬರು ಎತ್ತಬೇಕು. “ಇರಣ್ಣ, ಬಂದೆ” ಎಂದ ಪಕ್ಕದ ಮಿಷನ್ನಿನ ಮುನಿಯಪ್ಪ. “ನೀನ್ಯಾಕೋ?” ಎಂದು ಒಬ್ಬನೇ ಎತ್ತಿದೆ. ಚಕ್ಕು ಮೇಲೆ ಬಂತು, ನಾನು ಬರಲಿಲ್ಲ. ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟೆ. ಅವತ್ತಿನಿಂದ ಎರಡು ದಿನ ನಾನು ನೋಡಿದ್ದು ಜನರ ಚಪ್ಪಲಿಗಳನ್ನು ಮಾತ್ರ.

ಬಿಸಿನೀರಿನ ಶಾಖ, ಉಪ್ಪಿನ ಗಂಟು, ಮುಲಾಮು ಎಲ್ಲ ಆಯಿತು. ಮುನಿಯಪ್ಪ ಪೀಣ್ಯದ ಹತ್ತಿರದ ಹಳ್ಳಿಯವನು. ಅವನ ಹೊಲ ಇದ್ದ ಜಾಗದಲ್ಲೇ ಈಗ ನಮ್ಮ ಶೆಡ್ಡು ನಿಂತಿತ್ತು, ಆದ್ದರಿಂದ ಯಾವ ವಿಷಯದಲ್ಲೂ ಅವನದೇ ಕೊನೆಯ ಮಾತು. “ಇಂಗೆಲ್ಲ ಓಗಲ್ಲ ಕಣಣ್ಣ ಇದು. ಕಾಲು ಮುಂದಾಗಿ ಉಟ್ಟಿರೋರು ಮೂರು ಸತಿ ಒದೀಬೇಕು. ನಮ್ಮೂರಾಗೆ ಒಬ್ಬಳು ಅಜ್ಜಿ ಇದ್ಲು, ಒದ್ದು ಒದ್ದೇ ಇಡೀ ಊರನ್ನ ನೆಟ್ಟಗೆ ಮಾಡಿದ್ಲು.”

“ಎಲ್ಲಿದ್ದಾಳೆ ಅಜ್ಜಿ?”

“ಸತ್ತೋದ್ಲು.”

ಸರಿ, ಮುನಿಯಪ್ಪ ಶೆಡ್ಡಿನಲ್ಲೆಲ್ಲ ವಿಚಾರಣೆ ಹೊರಟ. “ಅಣ್ಣ, ನೀನು ಉಟ್ಟೋವಾಗ ತಲೆ ಮುಂದ್ಕಾ, ಕಾಲು ಮುಂದ್ಕಾ?” ಒಬ್ಬ “ನಾನು ಸರಿಯಾಗಿ ನೋಡ್ಲಿಲ್ಲ ಗುರು” ಎಂದ. ಮಿಕ್ಕವರು ಮನೆಯಲ್ಲಿ ಕೇಳಿಕೊಂಡು ಬರುತ್ತೇವೆಂದರು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಅವರವರ ತಾಯಂದಿರಿಂದ ವರದಿ ತಂದರು. ಎಲ್ಲರದೂ ತಲೆಯೇ. ವೆಲ್ಡರ್ ಮಾತ್ರ ಮುಖ ಊದಿಸಿಕೊಂಡು ಬಂದಿದ್ದ. ಕೇಳಿದ ಒಂದು ಪ್ರಶ್ನೆಗೆ ಅವನ ತಾಯಿ ಹೆತ್ತ ಕಷ್ಟವನ್ನೆಲ್ಲ ಒಂದು ಗಂಟೆ ಹೇಳಿ, “ಇಷ್ಟಕ್ಕೆ ನೀನು ನಂಗೆ ಒಂದು ಸೀರೆ ತಂದ್ಕೊಟ್ಟಿದ್ದೀಯೇನೋ?” ಎಂದು ಅತ್ತಳಂತೆ.

ಮಧ್ಯಾಹ್ನ ಸ್ಟೋರಿನ ಕಿಟಕಿಯಿಂದ ನನಗೊಂದು ಚೀಟಿ ಬಂತು. “ನಾನು ಕಾಲು ಮುಂದಾಗಿ ಹುಟ್ಟಿದವನು. ತಮ್ಮ ಮಾಹಿತಿಗಾಗಿ. ಅಶ್ವತ್ಥಯ್ಯ.”

ಚೀಟಿ ಯಾಕೆಂದರೆ ನಾವಿಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದೆವು. ಕಾರಣ ಒಂದು ರೀಮರ್, ಅಂದರೆ ತೂತನ್ನು ನಯ ಮಾಡುವ ಟೂಲು. ನಾನು ವಾಪಸ್ ಕೊಟ್ಟಿಲ್ಲವೆಂದು ಅವರು, ಕೊಟ್ಟಿದ್ದೇನೆಂದು ನಾನು. ನಾನು ಒಳ್ಳೆ ಕೆಲಸಗಾರ ಅಂತ ಓನರ್ ನನ್ನ ಮಾತನ್ನೇ ನಂಬಿದರು. ಟೂಲ್ ಬೀರುವಿನ ಬೀಗದ ಕೈ ಅಶ್ವತ್ಥಯ್ಯನವರಿಂದ ಕಿತ್ತುಕೊಂಡು ತಮ್ಮ ಮೇಜಿನಲ್ಲಿ ಇಟ್ಟುಕೊಂಡರು. ಅಂದಿನಿಂದ ಅಷ್ಟು ವಯಸ್ಸಾದ ಮನುಷ್ಯ ಒಂದು ಡ್ರಿಲ್ ತೆಗೆಯಬೇಕಾದರೂ ಓನರ್ ಮುಂದೆ ಹೋಗಿ ಕೈ ಕಟ್ಟಿ ನಿಲ್ಲುತ್ತಿದ್ದರು.

ಅಂಥವರ ಕೈಲಿ, ಅಲ್ಲ, ಕಾಲಲ್ಲಿ ಒದೆಸಿಕೊಳ್ಳುವುದೇ? ಆಗಲ್ಲ ಎಂದೆ. ಶನಿವಾರ ಬೆಳಿಗ್ಗೆ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತು, ಅದನ್ನು ಸರಿಮಾಡಲು ಬಗ್ಗಬೇಕಾಗಿಲ್ಲವಲ್ಲ, ಬಗ್ಗಿಯೇ ಇದ್ದೇನಲ್ಲ ಎಂದು ಹೊಳೆದಾಗ ಅಳು ಬಂತು. ಆಗಲಿ ಎಂದೆ.

ಊಟದ ಹೊತ್ತಿನಲ್ಲಿ ಸ್ಟೋರಿನ ಹಿಂದೆ ಗೋಣಿಚೀಲ ಹಾಸಿ ಮುನಿಯಪ್ಪ ನನ್ನನ್ನು ಬೋರಲು ಮಲಗಿಸಿದ. ಅಶ್ವತ್ಥಯ್ಯ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಪಂಚೆಯಿಂದ ಒರೆಸಿಕೊಂಡು ಬಂದರು. ಸ್ನಾನದ ನೀರು ಬಿಸಿಯಾಗಿದೆಯೇ ಎಂದು ನೋಡುವವರ ಹಾಗೆ ಹೆಬ್ಬೆರಳಿನಿಂದ ನನ್ನ ಸೊಂಟವನ್ನು ಮುಟ್ಟಿದರು. ಕೂಡಲೇ ಬಗ್ಗಿ, ಕಾಲು ತಗುಲಿದ ಜಾಗವನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

“ಸಾಮೇ, ಒದೀತಿದ್ದೀರೋ, ಅರಿಸಿನ ಕುಂಕುಮ ಅಚ್ತಿದ್ದೀರೋ?” ಎಂದ ಮುನಿಯಪ್ಪ.

“ಜೋರಾಗಿ ಒದ್ರೆ ಹಳೇ ಸಿಟ್ಟು ತೀರಿಸ್ಕೊಂಡ ಅಂತ ನಾಳೆ ನೀವೇ ಹೇಳ್ತೀರಿ” ಎಂದರು ಅಶ್ವತ್ಥಯ್ಯ. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ನನ್ನ ಜೊತೆ ಮಾತಾಡಿದರು. “ಸಿಟ್ಟಿಲ್ಲ ಕಣಯ್ಯ ನಂಗೆ. ನಾನೇ ಎಲ್ಲೋ ಇಟ್ಟು ಮರೆತೆನೇನೋ ರೀಮರ್ನ. ವಯಸ್ಸಾಯ್ತು ನೋಡು. ದಿನಾ ಸಂಜೆ ಒಂದೊಂದು ಡಬ್ಬ ತೆಗೆದು ಹುಡುಕ್ತೀನಿ.”

ಗೋಣಿಚೀಲದಲ್ಲಿ ಮುಖ ಇಟ್ಟುಕೊಂಡಿದ್ದ ನನಗೆ ಸೊಂಟಕ್ಕಿಂತ ಮೇಲೆ ಎಲ್ಲೋ ನೋವಾಯಿತು. ಆ ರೀಮರನ್ನು ಅವಸರದಲ್ಲಿ ಸ್ಪೀಡು ಜಾಸ್ತಿ ಇಟ್ಟು ಮುರಿದವನು ನಾನು. ನನ್ನಂಥವನ ಕೈಲಿ ಟೂಲು ಮುರಿಯಿತು ಎಂದು ಹೇಗೆ ಹೇಳಲಿ ಎಂದು ತುಂಡುಗಳನ್ನು ಸ್ಕ್ರಾಪ್ ಡಬ್ಬಕ್ಕೆ ಹಾಕಿ, ಕೊಟ್ಟಿದ್ದೇನೆ ಎಂದು ಎಲ್ಲರ ಮುಂದೆ ಕೂಗಾಡಿದ್ದೆ. ಸುಳ್ಳಿನಿಂದ ನನ್ನ ಹೆಸರು ಉಳಿಯಿತು ಎಂದುಕೊಂಡಿದ್ದೆ. ಈ ಮನುಷ್ಯ ತಮ್ಮ ನೆನಪಿನ ಮೇಲೇ ನಂಬಿಕೆ ಕಳೆದುಕೊಂಡಿದ್ದಾರೆಂದು ನನಗೇನು ಗೊತ್ತು?

“ಹುಡುಕಬೇಡಿ ಅಯ್ಯನೋರೇ” ಎಂದೆ ಗೋಣಿಚೀಲಕ್ಕೆ. “ಅದನ್ನ ಮುರಿದೋನು ನಾನೇ. ಸ್ಕ್ರಾಪಿಗೆ ಹಾಕ್ಬಿಟ್ಟೆ.”

ಮುನಿಯಪ್ಪ “ಅಯ್ಯೋ ಪಾಪಿ” ಎಂದ.

ನಾಲ್ಕನೆಯ ಒದೆ ಬಿತ್ತು. ಅದನ್ನು ಹೇಗೆ ವರ್ಣಿಸಲಿ! ಎರಡು ವರ್ಷ ಹುಡುಕಿದ ಡಬ್ಬಗಳೆಲ್ಲ ಆ ಕಾಲಿನಲ್ಲಿದ್ದವು. ‘ಟಕ್’ ಎಂದಿತು. ನಾನು ಗೋಣಿಚೀಲದ ಸಮೇತ ಒಂದು ಮೊಳ ಮುಂದಕ್ಕೆ ಹೋಗಿ ಗೋಡೆಗೆ ಹಣೆ ಹೊಡೆಸಿಕೊಂಡೆ. ಎದ್ದು ನಿಂತೆ. ನಿಂತೇ ಇದ್ದೆ! ಎದುರಿಗೆ ಚಪ್ಪಲಿಗಳ ಬದಲು ಮುಖಗಳು ಕಂಡವು. ಅಶ್ವತ್ಥಯ್ಯ ಈ ಸಲ ಬಗ್ಗಲೂ ಇಲ್ಲ, ಕಣ್ಣಿಗೊತ್ತಿಕೊಳ್ಳಲೂ ಇಲ್ಲ.

“ನಡಿ ಓನರ್ ಹತ್ರ” ಎಂದರು.

ಹೋದೆ. ಹೇಳಿದೆ. ಓನರ್ ಮೇಜಿನಿಂದ ಬೀಗದ ಕೈ ತೆಗೆದು ಕೊಟ್ಟರು. ಅಶ್ವತ್ಥಯ್ಯ ಅದನ್ನು ಅಲ್ಲೇ ಜನಿವಾರಕ್ಕೆ ಕಟ್ಟಿಕೊಂಡರು. ಓನರ್ ನನ್ನ ಕಡೆ ತಿರುಗಿ, “ಬೆನ್ನು ಸರಿಹೋಯ್ತಲ್ಲ? ಸೋಮವಾರ ಏಳಕ್ಕೆ ಮಿಷನ್ ಮುಂದೆ ಇರ್ಬೇಕು. ಇಲ್ಲಾಂದ್ರೆ ಬರೋದೇ ಬೇಡ” ಎಂದರು.

ಸೋಮವಾರ! ಬೇರೆ ಕಡೆ ಟೆಸ್ಟಿದೆ ಎಂದರೆ ಯಾವ ಓನರ್ ರಜೆ ಕೊಡುತ್ತಾರೆ? ನಿಜ ಹೇಳುವ ನನ್ನ ಶಕ್ತಿ ಅಂದಿಗೆ ಮುಗಿದುಹೋಗಿತ್ತು.

ಅಶ್ವತ್ಥಯ್ಯ ಗಂಟಲು ಸರಿಮಾಡಿಕೊಂಡರು. ನನ್ನ ಟೆಸ್ಟಿನ ವಿಷಯ ಶೆಡ್ಡಿಗೆಲ್ಲ ಗೊತ್ತಿತ್ತು, ಓನರ್ ಒಬ್ಬರನ್ನು ಬಿಟ್ಟು. “ಸಾರ್, ಇವನ ಬೆನ್ನು ಇನ್ನೂ ಸರಿಹೋಗಿಲ್ಲ. ಒದ್ದವನು ನಾನು, ನಂಗೆ ಗೊತ್ತು. ಸೋಮವಾರ ಪೂರ್ತಿ ಮಲಗಿರ್ಬೇಕು.”

ಓನರ್ ನನ್ನನ್ನು ನೋಡಿದರು. ಲೈಟ್ ಕಂಬದ ಹಾಗೆ ನಿಂತಿದ್ದೆ. ತಟ್ಟನೆ ಬಗ್ಗಿದೆ.

“ಅಯ್ಯನೋರೇ, ನೀವು ಸುಳ್ಳು ಹೇಳಿದ್ರಲ್ಲ!” ಎಂದೆ ಹೊರಗೆ ಬಂದು.

“ನಿನ್ನಷ್ಟು ಚೆನ್ನಾಗಿ ಬರಲ್ಲ ಕಣಯ್ಯ. ಬಗ್ಗು, ಬಗ್ಗು, ಕಿಟಕೀಲಿ ನೋಡ್ತಿದ್ದಾರೆ.”

ಗೇಟಿನ ತನಕ ಬಗ್ಗಿಕೊಂಡೇ ಹೋದೆ. ಸೋಮವಾರ ನಾಲ್ಕು ಗಂಟೆ ನೆಟ್ಟಗೆ ನಿಂತೆ. ಆ ದೊಡ್ಡ ಕಾರ್ಖಾನೆಯಲ್ಲೇ ರಿಟೈರ್ ಆಗುವವರೆಗೂ ನಿಂತೆ.

“ಬನ್ನಿ ಅಂಕಲ್” ಎಂದು ಕರೆದರು ಡಾಕ್ಟರು. ನನ್ನ ಮಗನಿಗಿಂತ ಚಿಕ್ಕವರು. ಹೆಂಡತಿಯೂ ಒಳಗೆ ಬಂದಳು. ಮೇಜಿನ ಮೇಲೆ ಬೋರಲು ಮಲಗಿಸಿ ಬೆರಳಿನಿಂದ ಮೂಳೆ ಮೂಳೆ ಒತ್ತಿ ನೋಡಿದರು. “ತುಂಬಾ ಬಿಗಿ ಹಿಡಿದಿದ್ದೀರ, ಸಡಿಲ ಬಿಡಿ. ಹೇಗಾಯ್ತು ಇದು?”

ಬಚ್ಚಲಲ್ಲಿ ಜಾರಿದೆ ಎಂದು ಮನೆಯಲ್ಲಿ ಹೇಳಿದ್ದೆ. ಅದನ್ನೇ ಹೇಳಲು ಬಾಯಿ ತೆರೆದೆ. ಆಗಲಿಲ್ಲ.

“ಸ್ಟೀಲ್ ಬೀರು ಸರಿಸೋಕೆ ಹೋದೆ ಡಾಕ್ಟ್ರೇ” ಎಂದೆ. “ಒಬ್ಬನೇ.”

ನನಗೆ ಹೆಂಡತಿಯ ಚಪ್ಪಲಿ ಮಾತ್ರ ಕಾಣುತ್ತಿತ್ತು. ಅದು ಅಲುಗಾಡಲಿಲ್ಲ.

“ನಂಗೊತ್ತು” ಎಂದಳು. “ನಾಕು ದಿನದಿಂದ ಬೀರು ಸೊಟ್ಟಗೆ ನಿಂತಿದೆ. ಇವರೇ ಯಾವಾಗ ಹೇಳ್ತಾರೋ ನೋಡೋಣ ಅಂತ ಸುಮ್ನಿದ್ದೆ.” ಆಮೇಲೆ ಡಾಕ್ಟರ ಕಡೆ ತಿರುಗಿರಬೇಕು. “ಸ್ವಲ್ಪ ಜೋರಾಗೇ ಒತ್ತಿ ಡಾಕ್ಟ್ರೇ.”