ಮೂರನೇ ಘಂಟೆಯ ಗಯಾ ಮಾವಶಿ

ಬೆಳಗಿನ ಐದೂ ಮುಕ್ಕಾಲು. ಪುಣೆಯ ಕರ್ವೆ ರಸ್ತೆಯ ಹಿಂಬದಿಯ ಕಾಲೇಜಿನಲ್ಲಿ ನಾಟಕದ ತಾಲೀಮುಮನೆಯ ಬೀಗ ತೆಗೆದು ಗಯಾಬಾಯಿ ಲೋಂಢೆ ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ಸೂರು ನೋಡುವುದು ಹೋದ ವರ್ಷದಿಂದ ಅಂಟಿಕೊಂಡ ಅಭ್ಯಾಸ. ರಾತ್ರಿಯಿಡೀ ಮಳೆ ಹೊಡೆದಿದೆ, ಆದರೂ ಒಂದು ಹನಿ ಸೋರಿಲ್ಲ. "ಭಲೇ ಮಗನ," ಎಂದು ಸೂರಿಗೇ ಶಹಬ್ಬಾಸ್ ಹೇಳಿ ಕಸಬರಿಗೆ ಕೈಗೆತ್ತಿಕೊಳ್ಳುತ್ತಾರೆ.

ಗುಡಿಸಿ, ಒರೆಸಿ, ನಲವತ್ತು ಕುರ್ಚಿಗಳನ್ನು ಸಾಲಾಗಿ ಇಟ್ಟಮೇಲೆ ಅವರು ರಂಗದ ಎಡಬದಿಗೆ ಹೋಗುತ್ತಾರೆ. ಅಲ್ಲಿ ಎಳನೀರಿನ ಗಾತ್ರದ ಹಿತ್ತಾಳೆ ಘಂಟೆ ತೂಗುತ್ತಿದೆ. ಅದರ ನಾಲಿಗೆಗೆ ಹಳೆಯ ಬಟ್ಟೆ ಸುತ್ತಿ, ಹುಣಸೆಹಣ್ಣು ಹಚ್ಚಿ, ಸದ್ದಾಗದಂತೆ ತಿಕ್ಕುತ್ತಾರೆ. ಇವತ್ತು ಅಂತರಕಾಲೇಜು ಏಕಾಂಕ ಸ್ಪರ್ಧೆಗೆ ಮುಂಚಿನ ಕೊನೆಯ ತಾಲೀಮು. ವೇಷ, ಬೆಳಕು, ಘಂಟೆ ಎಲ್ಲವೂ ಉಂಟು. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಸುಮ್ಮನೆ ಒಮ್ಮೆ ಬಾರಿಸಲು ಕೈ ಚಾಚಿದರೆ ಮೊಣಕೈಗೆ ಏಟು ಬೀಳುತ್ತದೆ. "ಯಾವಾಗ ಬೇಕಾದ್ರೂ ಬಾರಸಾಕ ಇದೇನ್ ಐಸ್‌ಕ್ರೀಮ್ ಗಾಡಿ ಘಂಟಿ ಏನ್ರಿ? ಸರೀರಿ ಆ ಕಡೆ!"

ಇಲ್ಲಿ ನಾಟಕಕ್ಕೆ ಮೂರು ಘಂಟೆ. ಮೊದಲನೆಯದಕ್ಕೆ ನಟರು ಕನ್ನಡಿ ಬಿಡುತ್ತಾರೆ. ಎರಡನೆಯದಕ್ಕೆ ಪ್ರೇಕ್ಷಕರು ಚಹಾದ ಲೋಟ ಕೆಳಗಿಡುತ್ತಾರೆ. ಮೂರನೆಯದಕ್ಕೆ ಪರದೆ ಏಳುತ್ತದೆ. ಇಪ್ಪತ್ತೊಂಬತ್ತು ವರ್ಷಗಳಿಂದ ಈ ಕಾಲೇಜಿನ ನಾಟ್ಯಮಂಡಳದಲ್ಲಿ ಆ ಮೂರನ್ನೂ ಬಾರಿಸಿದ್ದು ಒಂದೇ ಕೈ. ಪಾರ್ಟು ಮಾಡಿದವರ ಹೆಸರು ಕರಪತ್ರದಲ್ಲಿ ಬಂತು, ಕೆಲವರ ಮುಖ ಸಿನಿಮಾ ಪೋಸ್ಟರಿಗೂ ಏರಿತು. ಗಯಾಬಾಯಿಯ ಹೆಸರು ಕಾಲೇಜಿನ ಹಾಜರಿ ಪುಸ್ತಕ ದಾಟಿ ಎಲ್ಲೂ ಬಂದಿಲ್ಲ. ಇವತ್ತು ಬರಲಿ ಎಂದೇ ನಾನು ಬರೆಯಲು ಕೂತಿದ್ದೇನೆ.

ಅವರಿಗೀಗ ಐವತ್ತೇಳು, ಕಾಲೇಜಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಪರ್ವತಿ ಗುಡ್ಡದ ಬುಡದ ಬಡವರ ವಸ್ತಿಯಲ್ಲಿ ಹುಟ್ಟಿ, ಅಲ್ಲೇ ನಾಲ್ಕು ಓಣಿ ಆಚೆಗೆ ಮದುವೆಯಾದವರು. ಗಂಡ ಬುಧವಾರ ಪೇಟೆಯ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಛಾಪಖಾನೆ ಮುಚ್ಚಿದಾಗ ಮನೆಯಲ್ಲಿ ಇಬ್ಬರು ಎಳೆ ಹೆಣ್ಣುಮಕ್ಕಳು. ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸಲು ಇಲ್ಲಿಗೆ ಬಂದ ಗಯಾಬಾಯಿಗೆ ಕೆಲಸ ಕಾಯಂ ಆಗಲು ಹನ್ನೊಂದು ವರ್ಷ ಹಿಡಿಯಿತು. ದಿನಕ್ಕೆ ಒಂಬತ್ತು ಕೋಣೆ, ಅರವತ್ತನಾಲ್ಕು ಮೆಟ್ಟಿಲು, ನಾಟಕದ ದಿನಗಳಲ್ಲಿ ತಾಲೀಮುಮನೆ ಮೂರು ಸಲ. ಜೋಳದ ಭಾಕರಿ, ಮೆಣಸಿನಕಾಯಿ ಠೇಚಾ ಬುತ್ತಿ ಕಟ್ಟಿಕೊಂಡು ಈಗಲೂ ನಡೆದೇ ಬರುತ್ತಾರೆ. ಮಕ್ಕಳಲ್ಲಿ ಒಬ್ಬಳು ನರ್ಸು, ಇನ್ನೊಬ್ಬಳು ಅಂಚೆ ಕಚೇರಿಯಲ್ಲಿದ್ದಾಳೆ.

ಘಂಟೆ ಅವರ ಕೈಗೆ ಬಂದದ್ದು ಒಂದು ತಪ್ಪಿನಿಂದ. ಬಂದ ವರ್ಷವೇ, ಸ್ಪರ್ಧೆಯ ದಿನ, ಘಂಟೆ ಬಾರಿಸಬೇಕಾದ ಹುಡುಗಿಗೆ ಜ್ವರ. ಯಾರೋ ಓಡಿಬಂದು, ಕಸಬರಿಗೆ ಹಿಡಿದು ನಿಂತಿದ್ದ ಗಯಾಬಾಯಿಗೆ "ಮಾವಶಿ, ಮೂರು ಘಂಟಿ ಬಾರಸ್ರಿ" ಎಂದು ಹೇಳಿ ಮಾಯವಾದರು.

"ನನಗೇನ್ ಗೊತ್ರೀ? ಮೂರು ಅಂದ್ರು, ಮೂರೂ ಬಾರಸಿಬಿಟ್ಟೆ. ಢಣ್ ಢಣ್ ಢಣ್! ಪರದೆ ಎದ್ದೇ ಬಿಡ್ತು. ಮಹಾರಾಣಿ ತಲ್ಯಾಗ ಹಣಿಗಿ ಸಿಗಿಸ್ಕೊಂಡು ನಿಂತಾಳ, ಸೇನಾಪತಿ ವಡಾಪಾವ್ ತಿನ್ನಾಕತ್ತಾನ! ಮಂದಿ ಬಿದ್ದುಬಿದ್ದು ನಕ್ರು. ಅಳೋ ನಾಟಕ ಆಗಿತ್ರಿ ಅದು."

ಬಹುಮಾನ ಹೋಯಿತು. ಗಯಾಬಾಯಿ ಎರಡು ದಿನ ಕೆಲಸಕ್ಕೇ ಬರಲಿಲ್ಲ. ಮೂರನೆಯ ದಿನ ಸೇನಾಪತಿ, ಮಹಾರಾಣಿ ಎಲ್ಲರೂ ವಸ್ತಿಗೆ ಹೋಗಿ, ಇನ್ನು ಮುಂದೆ ಘಂಟೆ ನಿಮ್ಮದೇ ಎಂದು ಕರೆದುತಂದರು. ಅಂದಿನಿಂದ ಎರಡನೇ ಘಂಟೆ ಆದಮೇಲೆ ಗಯಾಬಾಯಿ ಕತ್ತಲಲ್ಲಿ ಕತ್ತು ಚಾಚಿ ಕೇಳುತ್ತಾರೆ, "ಎಲ್ಲಾರೂ ಅದೀರೇನ್ರೋ?" ನಟರಿಂದ ಹಿಡಿದು ದೀಪ ಹಿಡಿಯುವವರವರೆಗೆ ಎಲ್ಲರೂ ಪಿಸುದನಿಯಲ್ಲಿ "ಅದೀವಿ ಮಾವಶಿ" ಎನ್ನಬೇಕು. ಒಂದು ದನಿ ಕಡಿಮೆಯಾದರೂ ಮೂರನೇ ಘಂಟೆ ಇಲ್ಲ.

ಹೋದ ವರ್ಷ ಜೂನಿನ ಮೊದಲ ಮಳೆಗೆ ತಾಲೀಮುಮನೆಯ ಸೂರಿನ ಎರಡು ತಗಡು ಕಳಚಿ ರಂಗದ ನಟ್ಟನಡುವೆ ಬಿದ್ದವು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ರಿಪೇರಿಗೆ ಒಂಬತ್ತು ಲಕ್ಷ ಬೇಕು ಎಂದರು ಇಂಜಿನಿಯರು. ಆಡಳಿತ ಮಂಡಳಿ ಇನ್ನೂ ಸುಲಭದ ದಾರಿ ಕಂಡುಕೊಂಡಿತು: ಕೆಡವಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡೋಣ. ಈ ಊರಿನಲ್ಲಿ ಸ್ಕೂಟರಿಗೆ ಇರುವ ಮರ್ಯಾದೆ ಮನುಷ್ಯರಿಗೆ ಇಲ್ಲ ಬಿಡಿ. ನಾಟ್ಯಮಂಡಳದವರು ಕೈಕಾಲು ಹಿಡಿದಮೇಲೆ ಗಣೇಶ ಚೌತಿಯವರೆಗೆ ವಾಯಿದೆ ಸಿಕ್ಕಿತು. ಅಷ್ಟರೊಳಗೆ ಹಣ ಕೂಡಿದರೆ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಮಂಡಳದ ಕಾರ್ಯದರ್ಶಿ ಮೃಣ್ಮಯೀ ಪಾಟಣ್ಕರ್, ಎರಡನೇ ವರ್ಷದ ಬಿ.ಎ. ಅವಳ ಬಳಗ ಆರು ಬಣ್ಣದಲ್ಲಿ ಮನವಿಪತ್ರ ಮಾಡಿಸಿತು. ವಜ್ರ ದಾನಿ, ಚಿನ್ನದ ದಾನಿ, ಬೆಳ್ಳಿ ದಾನಿ ಎಂದು ಮೂರು ಮೆಟ್ಟಿಲು. ಹಳೆಯ ಕರಪತ್ರಗಳನ್ನು ಹುಡುಕಿ ನಟರು, ನಿರ್ದೇಶಕರು, ಒಟ್ಟು ಇನ್ನೂರಹತ್ತು ಹಳೆಯ ವಿದ್ಯಾರ್ಥಿಗಳಿಗೆ ಕಳಿಸಿದರು. ಉತ್ತರ ಬರೆದವರು ಹದಿಮೂರು ಜನ. ಅದರಲ್ಲಿ ಏಳು ಬರಿಯ ಶುಭಾಶಯ. ಮುಂಬಯಿಯ ಒಬ್ಬ ದೊಡ್ಡ ನಟರ ಮ್ಯಾನೇಜರು, ಸಾಹೇಬರು ಕೈಮುಗಿದಿರುವ ಫೋಟೊ ಕಳಿಸಿದ.

ನನಗೆ ಆ ಪತ್ರ ಬರಲೇ ಇಲ್ಲ. ನಾನೂ ಇಲ್ಲಿಯೇ ಓದಿದವನು, ಆದರೆ ಪಾರ್ಟು ಮಾಡಿದವನಲ್ಲ. ನಟರು ಮಾತು ಮರೆತರೆ ಪಕ್ಕದಿಂದ ನೆನಪಿಸಲು ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಕರಪತ್ರದಲ್ಲಿ ಅಂಥವರಿಗೆ ಜಾಗವಿಲ್ಲ.

ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ ಮೃಣ್ಮಯೀಯ ಕೈಯಲ್ಲಿದ್ದ ಪಟ್ಟಿಯನ್ನು ಗಯಾಬಾಯಿ ಅವಳಿಂದಲೇ ಓದಿಸಿ ಕೇಳಿದರು.

"ಇದರಾಗ ಪರದೆ ಜಗ್ಗಾಂವ ಎಲ್ಲದಾನ? ಗಡ್ಡ ಅಂಟಸಾಕಿ ಎಲ್ಲದಾಳ?"

"ಅವರ ಹೆಸರು ಎಲ್ಲೂ ಇಲ್ರೀ ಮಾವಶಿ."

"ಅಯ್ಯ, ನಿನ್ನ ಶಾಣ್ಯಾತನಕ್ಕ ಬೆಂಕಿ ಹತ್ತಲಿ! ಸ್ಟೇಜಿನ ಮ್ಯಾಲ ಆರು ಮಂದಿ ಇದ್ರ ಹಿಂದ ಇಪ್ಪತ್ತು ಮಂದಿ ಇರ್ತಾರ. ಮುಂದ ನಿಂತವ್ರಿಗೆ ಚಪ್ಪಾಳಿ ಅವತ್ತ ಮುಟ್ಟೇತಿ. ಹಿಂದ ನಿಂತವ್ರದ್ದು ಇನ್ನಾ ಬಾಕಿ ಐತಿ. ಬಾ ಇಲ್ಲಿ."

ರಂಗದ ಹಿಂಗೋಡೆಗೆ ಒಂದು ಹರಕು ತಾಡಪಾಲು ಸದಾ ಇಳಿಬಿದ್ದಿರುತ್ತದೆ. ಅದನ್ನು ಸರಿಸಿದಾಗ ಮೃಣ್ಮಯೀ ನಿಂತಲ್ಲೇ ನಿಂತಳಂತೆ. ನೆಲದಿಂದ ಆಳೆತ್ತರದವರೆಗೆ ಹೆಸರುಗಳು. ಕಾಲೇಜಿನಲ್ಲಿ ತಮ್ಮ ಕೊನೆಯ ಪ್ರಯೋಗ ಮುಗಿದಮೇಲೆ ಪರದೆಯ ಹಿಂದೆ ದುಡಿದವರು ತಂತಮ್ಮ ಕೆಲಸದ ಸಾಮಾನಿನಿಂದಲೇ ಅಲ್ಲಿ ಹೆಸರು ಬರೆಯುವುದು ನಮ್ಮ ಕಾಲದ ಪದ್ಧತಿ. ಬಣ್ಣ ಹಚ್ಚುವವರು ಕಾಡಿಗೆಯಿಂದ, ಬಡಗಿ ಕೆಲಸದವರು ಮೊಳೆಯಿಂದ ಗೀರಿ, ನಾನು ಕೆಂಪು ಪೆನ್ಸಿಲಿನಿಂದ. ಇತ್ತೀಚಿನ ಮಕ್ಕಳಿಗೆ ಅದು ಗೊತ್ತೇ ಇರಲಿಲ್ಲ. ಸುಣ್ಣ ಬಳಿಯುವವರು ಬಂದಾಗಲೆಲ್ಲ ಗಯಾಬಾಯಿ "ಆ ಗೋಡಿ ಮುಟ್ಟಬ್ಯಾಡ್ರಿ, ಕರೆಂಟ್ ಹೊಡಿತೈತಿ" ಎಂದು ಹೆದರಿಸಿ ಕಳಿಸಿದ್ದರು. ಹೀಗೆ ಉಳಿದವು ನಾನೂರ ಮೂವತ್ತೊಂದು ಹೆಸರುಗಳು. ಒಬ್ಬರಿಂದ ಇನ್ನೊಬ್ಬರ ನಂಬರು ಹಿಡಿಯುತ್ತ ಹತ್ತು ದಿನದಲ್ಲಿ ಮುನ್ನೂರೈವತ್ತು ಜನ ಸಿಕ್ಕರು.

ಏನೆಂದು ಕಳಿಸುವುದು? ಮಾವಶಿಯ ಮೂರು ಘಂಟೆಯನ್ನೇ ಫೋನಿನಲ್ಲಿ ಹಿಡಿದು ಕಳಿಸೋಣ ಎಂದಳು ಮೃಣ್ಮಯೀ. ಒಂದಾಯಿತು, ಎರಡಾಯಿತು, ಗಯಾಬಾಯಿ ಕೈ ಕೆಳಗಿಳಿಸಿದರು.

"ಮೂರನೇದ್ದು ಬಾರಸಂಗಿಲ್ಲ."

"ಮಾವಶಿ, ರೆಕಾರ್ಡ್ ಅಷ್ಟೇರೀ!"

"ಏನರ ಇರಲಿ. ಎಲ್ಲಾರೂ ಅದಾರೋ ಇಲ್ಲೋ ನೋಡದ ಒಮ್ಮೆ ಬಾರಸಿ ಮಾನಾ ಕಳಕೊಂಡೇನಿ. ಕೇಳಬೇಕಂದ್ರ ಇಲ್ಲಿಗೆ ಬರ್ರಿ ಅಂತ ಹೇಳು."

ಆ ಹಟವೇ ಕೆಲಸ ಮಾಡಿತು. ಶನಿವಾರ ಎಲ್ಲರ ಫೋನಿಗೆ ಒಂದು ಘಂಟೆ ಬಂತು. ಮುಂದಿನ ಶನಿವಾರ ಎರಡನೆಯದು, ಜೊತೆಗೆ ಒಂದು ಸಾಲು: ಮೂರನೆಯದು ಬರುವ ಶನಿವಾರ ಸಂಜೆ ಆರಕ್ಕೆ, ತಾಲೀಮುಮನೆಯಲ್ಲಿ. ಹಣದ ಮಾತೇ ಇಲ್ಲ. ನಾಟಕದ ಹುಚ್ಚು ಹತ್ತಿದವರಿಗೆ ಎರಡು ಘಂಟೆ ಕೇಳಿಸಿ ಮೂರನೆಯದು ಕೇಳಿಸದಿದ್ದರೆ ಮೂಗಿಗೆ ಬಂದ ಸೀನು ಅರ್ಧಕ್ಕೆ ನಿಂತ ಹಾಗೆ. ನಾನು ಆ ವಾರ ಒಂದು ಲೇಖನವನ್ನೂ ಸರಿಯಾಗಿ ಮುಗಿಸಲಿಲ್ಲ.

1998ರಲ್ಲಿ ಪರದೆ ಜಗ್ಗಿದ ಸಂಜಯ ಖೈರನಾರ್ ಈಗ ಭೋಸರಿಯಲ್ಲಿ ವೆಲ್ಡಿಂಗ್ ಕಾರ್ಖಾನೆ ಇಟ್ಟಿದ್ದಾರೆ. ಎರಡನೇ ಘಂಟೆಯ ಮರುದಿನವೇ ಫೋನು. "ಮಾವಶಿ, ಬೆಳಗ್ಗಿಂದ ಅನ್ನ ಸೇರವಲ್ದು. ಬಾರಸೇ ಬಿಡ್ರಲಾ!"

"ಇಪ್ಪತ್ತೈದು ವರ್ಷ ಬರದಾಂವ ಆರು ದಿನ ತಡಕೋ," ಎಂದು ಗಯಾಬಾಯಿ ಫೋನಿಟ್ಟರು.

ಖೈರನಾರ್ ತಡೆದುಕೊಳ್ಳಲಿಲ್ಲ. ಸೋಮವಾರವೇ ಟೆಂಪೊ ತುಂಬ ಕಬ್ಬಿಣದ ಕಂಬ ತಂದು, ಜನ ಸೇರಿದರೂ ಅಪಾಯವಾಗದಂತೆ ಸೂರಿಗೆ ಆನಿಕೆ ಕೊಟ್ಟರು.

ಶನಿವಾರ ಧೋ ಮಳೆಯಲ್ಲಿ ಇನ್ನೂರ ಅರವತ್ತು ಜನ ಬಂದರು. ನಾಗಪುರದಿಂದ ಬಂದ ಡಾಕ್ಟರು, ಸಾಂಗಲಿಯಿಂದ ಬಂದ ಟೈಲರು, ಮಗುವನ್ನು ಎತ್ತಿಕೊಂಡು ಬಂದ ವಕೀಲೆ. ಗಯಾಬಾಯಿ ಎಲ್ಲರನ್ನೂ ಕೆಲಸದ ಹೆಸರಿನಿಂದಲೇ ಕರೆದರು. "ಏ ಗಡ್ಡ, ಬಾಳ ದಪ್ಪಾಗೀಯಲ್ಲ! ಏ ಹೊಗಿ ಮಷೀನ, ಇನ್ನಾ ಸಿಗರೇಟ್ ಬಿಟ್ಟಿಲ್ಲೇನ?" ಆಮೇಲೆ ಎರಡು ಘಂಟೆ ಬಾರಿಸಿ, ದೀಪ ಆರಿಸಿ, ಕೇಳಿದರು.

"ಎಲ್ಲಾರೂ ಅದೀರೇನ್ರೋ?"

"ಅದೀವಿ ಮಾವಶಿ!"

ಪಿಸುಗುಡುವುದನ್ನು ಎಲ್ಲರೂ ಮರೆತಿದ್ದರು. ಆ ಕೂಗಿಗೆ ಸಡಿಲಾದ ತಗಡುಗಳು ಗಲಗಲ ಅಂದವು. ನಾನು ಅತ್ತುಬಿಟ್ಟೆ. ಪಕ್ಕದ ಡಾಕ್ಟರೂ ಅತ್ತರು. ಮೂರನೇ ಘಂಟೆ ಬಿತ್ತು. ಪರದೆ ಜಗ್ಗಿದವರು ಆ ವರ್ಷದ ನಾಯಕ, ನಾಯಕಿ. ದೀಪ ಹಿಡಿದವನು ಖಳನಾಯಕ. ರಂಗದ ಮೇಲೆ ಯಾರೂ ಇರಲಿಲ್ಲ. ಬೆಳಕೆಲ್ಲ ಹಿಂಗೋಡೆಯ ಹೆಸರುಗಳ ಮೇಲಿತ್ತು. ನಟರು ಆರೂ ಜನ ಮುಂದೆ ಬಂದು ನಮ್ಮತ್ತ ತಿರುಗಿ ಚಪ್ಪಾಳೆ ತಟ್ಟಲು ಶುರುಮಾಡಿದರು, ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ.

ಆಮೇಲೆ ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ. ಬಂದವರೇ ಕೇಳಿದರು, ನನಗೇನು ಕೆಲಸ? ಖೈರನಾರ್ ಸೂರು ತನ್ನದೆಂದರು. ಒಬ್ಬರು ತಂತಿ, ಒಬ್ಬರು ಬಣ್ಣ. ಕೈಕೆಲಸ ಬಾರದವರು ಹಣ ಹಾಕಿದರು. ಕೂಡಿದ್ದು ಹದಿನಾಲ್ಕು ಲಕ್ಷ, ಚೌತಿಗೆ ಇನ್ನೂ ಐದು ದಿನ ಇರುವಾಗಲೇ. ಸ್ಕೂಟರುಗಳು ಈಗಲೂ ಬೇವಿನ ಮರದ ಕೆಳಗೇ ನಿಲ್ಲುತ್ತವೆ. ತಿಂಗಳ ಮೊದಲ ಭಾನುವಾರ ಹಳಬರು ಬಂದು ಹೊಸಬರಿಗೆ ಕೆಲಸ ಕಲಿಸುತ್ತಾರೆ, ಹೋಗುವಾಗ ಕೈಲಾದದ್ದು ಕೊಟ್ಟುಹೋಗುತ್ತಾರೆ. ಬೇರೆ ಮೂರು ಕಾಲೇಜಿನ ನಾಟ್ಯಮಂಡಳಗಳು ಹೇಗೆ ಮಾಡಿದಿರಿ ಎಂದು ಕೇಳಲು ಬಂದಿದ್ದವು. ಮೃಣ್ಮಯೀ ಅವರಿಗೆ ಒಂದೇ ಮಾತು ಹೇಳಿದಳಂತೆ: "ಮೊದಲು ನಿಮ್ಮ ಕಸ ಗುಡಿಸೋರನ್ನ ಮಾತಾಡಸ್ರಿ."

ಬರುವ ಮೇ ತಿಂಗಳಿಗೆ ಗಯಾಬಾಯಿ ನಿವೃತ್ತಿ. ಬಾಗಿಲ ಮೇಲೆ ಅವರ ಹೆಸರು ಕೆತ್ತಿಸುತ್ತೇವೆ ಎಂದು ಖೈರನಾರ್ ಹೊರಟಾಗ ಬೈದು ಓಡಿಸಿದ್ದಾರೆ. ಹಾಗಾದರೆ ಗೋಡೆಯ ಮೇಲಾದರೂ ಬರೆಯಿರಿ ಎಂದು ನಾನು ಕೆಂಪು ಪೆನ್ಸಿಲು ಮುಂದೆ ಹಿಡಿಯುತ್ತೇನೆ.

ಅವರು ಅದನ್ನು ಮುಟ್ಟುವುದಿಲ್ಲ. ಘಂಟೆಯ ನಾಲಿಗೆಗೆ ಸುತ್ತಿದ ಬಟ್ಟೆ ಬಿಚ್ಚುತ್ತ ಗೋಡೆಯ ಕೆಳಮೂಲೆ ತೋರಿಸುತ್ತಾರೆ. ಅಂಗೈ ಅಗಲದ ಜಾಗ ಖಾಲಿ ಇದೆ.

"ಅಲ್ಲಿ ಯಾರಿಗೂ ಬರಿಯಾಕ ಬಿಟ್ಟಿಲ್ಲ, ನೋಡ್ರಿ. ಕೊನೇ ಪ್ರಯೋಗ ಆದಮ್ಯಾಲ ಬರಿಯೂದು ಪದ್ಧತಿ. ಮೇ ಆದ್ರೇನು, ಘಂಟಿ ನನ್ನ ಕೈಯಾಗ ಇರೂ ತನಕ ನಂದು ಮುಗಿದಿಲ್ಲ."

ಬಣ್ಣ ಹಚ್ಚಿಕೊಂಡ ಮಕ್ಕಳು ರಂಗದ ಹಿಂದೆ ಸೇರಿದ್ದಾರೆ. ಎರಡು ಘಂಟೆ ಬಾರಿಸಿ ಆಗಿದೆ. ಗಯಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ, ಕತ್ತು ಚಾಚಿ ಕೇಳುತ್ತಾರೆ, "ಎಲ್ಲಾರೂ ಅದೀರೇನ್ರೋ?"

ಮಕ್ಕಳ ಜೊತೆ ನಾನೂ ಹೇಳುತ್ತೇನೆ, ಅದೀವಿ ಮಾವಶಿ.