ಬಸವನಿಗೆ ಅಡ್ಡ ನಿಂತದ್ದು

ನಮ್ಮ ಮನೆಯ ಹಿತ್ತಲಲ್ಲಿ ಅಕ್ಕ ಮಾಡಿದ್ದ ಸೊಪ್ಪಿನ ಮಡಿ ಎರಡು ಚಾಪೆ ಹಾಸಿದಷ್ಟು ಅಗಲ. ಮೆಂತ್ಯ, ದಂಟು, ಒಂದು ಮೂಲೆಯಲ್ಲಿ ಕೊತ್ತಂಬರಿ. ಅದನ್ನು ಮೇಯಲು ಬರುತ್ತಿದ್ದದ್ದು ಊರ ದೇವರಿಗೆ ಬಿಟ್ಟ ಬಸವ. ಅದನ್ನು ಕಾಯುತ್ತಿದ್ದದ್ದು ನನ್ನ ಮೊಣಕಾಲಿಗೂ ಬಾರದ ಒಂದು ಕಂದು ನಾಯಿ. ದಿನಾ ಬೆಳಿಗ್ಗೆ ಈ ಎರಡರ ನಡುವೆ ನಡೆಯುತ್ತಿದ್ದ ವ್ಯವಹಾರದಲ್ಲಿ ನನ್ನ ಪಾಲಿಗೆ ಬಂದಿದ್ದದ್ದು ಹೆದರುವ ಕೆಲಸ ಮಾತ್ರ.

ಹೆದರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಬೀಗ ಹಾಕಿದ ಮೇಲೆ ಎಳೆದು ನೋಡುತ್ತೇನೆ. ಭರಮಸಾಗರದ ಬಸ್ ಸ್ಟ್ಯಾಂಡಿನವರೆಗೆ ಹೋದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಕೆರೆ ತುಂಬಿದರೆ ಏರಿ ಒಡೆದೀತೆಂದು ಚಿಂತೆ, ತುಂಬದಿದ್ದರೆ ಬೋರು ಬತ್ತೀತೆಂದು. ಶಾಲೆಯ ಗುಮಾಸ್ತನಿಗೆ ಇಷ್ಟು ಚಿಂತೆ ಯಾಕೆ ಎಂದು ಹೆಂಡತಿ ಕೇಳುವುದನ್ನು ಬಿಟ್ಟು ವರ್ಷಗಳಾದವು.

ನಾಯಿ ಭಾವನದು. ಭಾವ ಚಿಕ್ಕಜಾಜೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಪ್ಲಾಟ್‌ಫಾರಂ ಮೇಲೆ ಸಿಕ್ಕ ಮರಿಯನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದರಂತೆ. ಒಂದು ದಿನ ಕೆಲಸದಿಂದ ಬಂದವರು ನೀರು ಕೇಳಿ, ಅಕ್ಕ ನೀರು ತರುವುದರೊಳಗೆ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಅಕ್ಕ ಎರಡು ಟ್ರಂಕು ಮತ್ತು ಆ ನಾಯಿಯೊಂದಿಗೆ ನಮ್ಮ ಮನೆಗೆ ಬಂದಳು.

ಬಂದವಳು ನಮ್ಮ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೆ. ಮೊದಲು ಅವಳ ಬಾಯಿ ಬಿಡಿಸಿದ್ದು ನಾಯಿ. ಹಿತ್ತಲ ಮೆಟ್ಟಿಲ ಮೇಲೆ ಕೂತು ಅದಕ್ಕೆ ಏನೇನೋ ಹೇಳುತ್ತಿದ್ದಳು. ಆಮೇಲಾಮೇಲೆ ನಮಗೆ ಹೇಳಬೇಕಾದದ್ದನ್ನೂ ಅದಕ್ಕೇ ಹೇಳತೊಡಗಿದಳು. "ನೋಡ್ಲೇ, ನಿಮ್ಮ ಮಾವ ಮತ್ತೆ ಬೀಗ ಎಳಿಯಾಕೆ ಹೊಂಟ." "ಇವತ್ತು ಸಾರಿಗೆ ಉಪ್ಪು ಬಿದ್ದಿಲ್ಲ ಕಣ್ಲೇ, ನಿಮ್ಮತ್ತೆಗೆ ಹೇಳು." ಹೀಗೆ ನಾನು ಒಂದು ನಾಯಿಗೆ ಸೋದರಮಾವನಾದೆ. ಅದನ್ನು ಅವಳು ಕರೆಯುತ್ತಿದ್ದದ್ದು 'ಲೇ' ಎಂದು. ಚಿಕ್ಕಂದಿನಲ್ಲಿ ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಹಿತ್ತಲಿಂದ 'ಲೇ' ಕೇಳಿದಾಗಲೆಲ್ಲ ನಾನೂ ತಿರುಗುತ್ತಿದ್ದೆ. ಕರೆದದ್ದು ನನ್ನನ್ನಲ್ಲ ಎಂದು ತಿಳಿದ ಮೇಲೆ ಸುಮ್ಮನೆ ಗೋಡೆ ಗಡಿಯಾರ ನೋಡುತ್ತಿದ್ದೆ.

ಆದ್ದರಿಂದ ಆ ನಾಯಿಗೆ ಏನಾದರೂ ಆದರೆ ಎಂಬ ನನ್ನ ಭಯ ನಾಯಿಯ ಮಟ್ಟಿಗಷ್ಟೇ ಇರಲಿಲ್ಲ. ಅದು ಹೋದರೆ ಅಕ್ಕನ ಮಾತೂ ಹೋಗುತ್ತದೆ.

ಬಸವನ ವಿಷಯ ಹೇಳಬೇಕು. ಕರುವಾಗಿದ್ದಾಗಲೇ ತೊಡೆಯ ಮೇಲೆ ಮುದ್ರೆ ಒತ್ತಿ ದೇವರ ಹೆಸರಲ್ಲಿ ಬಿಟ್ಟ ಹೋರಿ ಅದು. ಅದಕ್ಕೆ ಮೂಗುದಾರವಿಲ್ಲ. ಯಾರೂ ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ. ಅಂಗಡಿ ಮುಂದೆ ನಿಂತರೆ ಒಂದು ಬೊಗಸೆ ಮೆಕ್ಕೆಜೋಳ ಕೊಟ್ಟು ಕೈಮುಗಿಯುತ್ತಾರೆ. ಯಾರದೋ ಹೊಲಕ್ಕೆ ನುಗ್ಗಿದರೆ ದೇವರು ತನ್ನ ಪಾಲು ತಿಂದ ಎನ್ನುತ್ತಾರೆ. ನಾನು ಒಮ್ಮೆ ಧೈರ್ಯ ಮಾಡಿ ಮಡಿಯ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದೆ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಏನಪ್ಪ, ಬಸವನ ಮೂತಿಗೆ ಮುಳ್ಳು ಚುಚ್ಚಿದ್ರೆ ಯಾರಿಗೆ ಬರ್ತೈತೆ ಆ ಪಾಪ" ಎಂದರು. ಯಾರಿಗೆ ಬರುತ್ತದೆ ಎಂದು ಯೋಚಿಸುತ್ತಾ ಮಾರನೆಯ ದಿನ ನಾನೇ ಬೇಲಿ ಕಿತ್ತೆ.

ನಾಯಿಗೆ ಈ ಭಕ್ತಿ ಯಾವುದೂ ಇರಲಿಲ್ಲ. ಮರಿ ಮಾಡಿದ ಕೋಳಿಯನ್ನು ಕಂಡರೆ ಟ್ರಂಕಿನ ಹಿಂದೆ ಸೇರುತ್ತಿದ್ದ ಅದು ಬಸವನ ಎದುರು ಮಡಿಯ ಅಂಚಿನಲ್ಲಿ ನಾಲ್ಕೂ ಕಾಲು ಊರಿ ನಿಲ್ಲುತ್ತಿತ್ತು. ಬಸವ ತಲೆ ತಗ್ಗಿಸಿ ಉಸಿರು ಬಿಟ್ಟರೆ ನಾಯಿಯ ಮುಖಕ್ಕೆಲ್ಲ ಮಣ್ಣು ರಾಚುತ್ತಿತ್ತು. ನಾಯಿ ಒಂದು ಸಲ ಸೀನಿ, ಮತ್ತೆ ಬೊಗಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಸವ ಬೇರೆ ಎಲ್ಲೋ ಕೆಲಸ ನೆನಪಾದಂತೆ ತಿರುಗಿ ಹೋಗುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು, "ಮೂಕ ಪ್ರಾಣಿ ಸ್ವಾಮಿ, ತಪ್ಪು ಹೊಟ್ಟೆಗೆ ಹಾಕ್ಕಳಪ್ಪ" ಎಂದು ಬಸವನ ಬೆನ್ನಿಗೆ ಕೈಮುಗಿಯುತ್ತಿದ್ದೆ.

"ನಿನ್ನ ಪರವಾಗಿ ನಿಮ್ಮ ಮಾವ ತಪ್ಪೊಪ್ಕಂಡ ಕಣ್ಲೇ," ಎಂದು ಅಕ್ಕ ನಾಯಿಗೆ ಹೇಳುತ್ತಿದ್ದಳು. "ನೀನೇನು ತಪ್ಪು ಮಾಡಿದ್ಯಪ್ಪ?"

ನಾಯಿಗೆ ವಯಸ್ಸಾಯಿತು. ಕಿವಿ ಮಂದವಾಯಿತು, ಕಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬಂತು. ಕೆಲವು ದಿನ ಬಸವ ಎಡಗಡೆ ನಿಂತಿದ್ದರೆ ಇದು ಎದುರಿನ ಗೋಡೆಗೆ ಬೊಗಳುತ್ತಿತ್ತು. ಆಗಲೂ ಬಸವ ಹಿಂದಿರುಗುತ್ತಿತ್ತು. ಅಭ್ಯಾಸಬಲವೋ, ದಾಕ್ಷಿಣ್ಯವೋ. ನನಗೆ ನಿದ್ದೆ ಕಡಿಮೆಯಾಯಿತು. ಬೆಳಿಗ್ಗೆ ಹೊತ್ತು ಕಟ್ಟಿ ಹಾಕೋಣ ಎಂದೆ.

ಅಕ್ಕ ನಾಯಿಯ ಕಡೆ ತಿರುಗಿದಳು. "ಕಟ್ಟಾಕ್ಬೇಕಂತೆ ಕಣ್ಲೇ ನಿನ್ನ. ಕಟ್ಟಿದ್ರೆ ಬದುಕ್ತೀಯ, ಸರಿ. ಏನು ಮಾಡ್ಕಂಡು ಬದುಕ್ತೀಯ?"

ಅವಳು ಕೇಳಿದ್ದು ನಾಯಿಯನ್ನಷ್ಟೇ ಅಲ್ಲ ಎಂದು ನನಗೆ ಅನ್ನಿಸಿತು. ಹಗ್ಗವನ್ನು ಮತ್ತೆ ಗೂಟಕ್ಕೆ ನೇತುಹಾಕಿದೆ.

ಅದು ನಡೆದದ್ದು ಚಳಿಯ ಒಂದು ಬೆಳಿಗ್ಗೆ. ಬಸವನಿಗೆ ಸಿಟ್ಟೇನೂ ಬಂದಿರಲಿಲ್ಲ. ಬೆನ್ನ ಮೇಲಿನ ನೊಣ ಓಡಿಸಲು ತಲೆ ಬೀಸಿತು. ಕಣ್ಣು ಕಾಣದ ನಾಯಿ ತೀರ ಹತ್ತಿರ ಬಂದಿತ್ತು. ಕೊಂಬು ತಗುಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಬಿತ್ತು. ಬಸವ ಅತ್ತ ನೋಡದೆ ಮೆಂತ್ಯಕ್ಕೆ ಬಾಯಿ ಹಾಕಿತು.

ಅಕ್ಕ ಒಲೆಯ ಬಳಿಯ ಸೌದೆ ಹಿಡಿದು ಓಡಿಬಂದಳು. ಕೈ ಮೇಲೆತ್ತಿದಳು. ಗೋಡೆಯಾಚೆಯಿಂದ ಅಜ್ಜಿ, "ಬ್ಯಾಡ ಕಣವ್ವ, ದೇವರದು" ಎಂದರು. ಅಕ್ಕನ ಕೈ ಸ್ವಲ್ಪ ಹೊತ್ತು ಹಾಗೆಯೇ ಮೇಲಿತ್ತು. ಆಮೇಲೆ ಸೌದೆಯನ್ನು ಗೋಡೆಗೆ ಒರಗಿಸಿಟ್ಟು, ನಾಯಿಯನ್ನು ಎತ್ತಿಕೊಂಡಳು.

ಪಶು ಆಸ್ಪತ್ರೆಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಒಳಗೆ ಪೆಟ್ಟಾಗೈತೆ ಸರ್. ಮನೆಗೆ ಕರ್ಕಂಡೋಗ್ರಿ, ಜೊತೆಗಿರ್ರಿ" ಎಂದರು. ಮಧ್ಯಾಹ್ನ ಅಕ್ಕನ ಮಡಿಲಲ್ಲಿ ಅದರ ಉಸಿರು ನಿಂತಿತು. ಭಾವನ ಹಳೆಯ ಟವೆಲಿನಲ್ಲಿ ಸುತ್ತಿ, ಅದು ದಿನಾ ನಿಲ್ಲುತ್ತಿದ್ದ ಮಡಿಯ ಅಂಚಿನಲ್ಲೇ ಮಣ್ಣು ಮಾಡಿದೆವು. ಅಜ್ಜಿ ಬಂದು ಅಕ್ಕನ ಪಕ್ಕ ಕೂತರು. "ಬಸವನ ಕೊಂಬಿಂದ ಹೋತು. ಪುಣ್ಯವಂತ ಜೀವ ಬಿಡವ್ವ" ಎಂದರು. ಸಮಾಧಾನಕ್ಕೇ ಹೇಳಿದ್ದು. ಅಕ್ಕ ಉತ್ತರ ಕೊಡಲಿಲ್ಲ.

ಅವತ್ತಿನಿಂದ ಯಾರಿಗೂ ಕೊಡಲಿಲ್ಲ. ಹೆಂಡತಿ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದಳು. ಅಕ್ಕ ಕಲಸಿಕೊಂಡು ಉಂಡು ಎದ್ದಳು. ನಾನು ಅವಳ ಎದುರೇ ಬೀಗವನ್ನು ಮತ್ತೆ ಮತ್ತೆ ಎಳೆದೆ. ಅವಳು ನೋಡಿದಳು, ಹೇಳಲು ಯಾರೂ ಇಲ್ಲದವಳ ಹಾಗೆ ಕಾಲ ಬುಡ ನೋಡಿಕೊಂಡಳು. ನಾನು ಅಷ್ಟು ವರ್ಷ ಹೆದರಿದ್ದದ್ದು ನಾನು ಎಣಿಸಿದ ಹಾಗೆಯೇ ಬಂದಿತ್ತು. ಮೊದಲೇ ಹೆದರಿಕೊಂಡಿದ್ದರಿಂದ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಕೆಲವು ದಿನ ಬಸವ ಬರಲಿಲ್ಲ. ಆಮೇಲೆ ಒಂದು ಭಾನುವಾರ ಬಂತು. ಅಕ್ಕ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು. ಬಸವನನ್ನು ನೋಡಿದಳು, ಏಳಲಿಲ್ಲ. ನಾನು ಯಾಕೆ ಹಾಗೆ ಮಾಡಿದೆನೋ ಈಗಲೂ ತಿಳಿಯದು. ಬಾಗಿಲ ಮರೆ ಬಿಟ್ಟು, ಲುಂಗಿ ಮೇಲೆ ಕಟ್ಟಿ, ಹೋಗಿ ಮಡಿಯ ಅಂಚಿನಲ್ಲಿ ನಿಂತೆ. ಅವತ್ತು ಕೈಮುಗಿಯಲಿಲ್ಲ. "ಹೋಗು" ಎಂದೆ. ಎಂದೆ ಎಂದುಕೊಂಡೆ, ದನಿ ಹೊರಟಿತೋ ಇಲ್ಲವೋ. ಬಸವ ಬಂದು ನನ್ನ ಮುಖದ ಹತ್ತಿರ ನಿಂತಿತು. ಅದರ ಬಿಸಿ ಉಸಿರಿಗೆ ನನ್ನ ಕನ್ನಡಕ ಮಂಜಾಯಿತು. ನಾನು ಕದಲಲಿಲ್ಲ. ಧೈರ್ಯದಿಂದಲ್ಲ, ಕಾಲು ಬರಲಿಲ್ಲ.

ಬಸವ ನನ್ನನ್ನು ಬೇಲಿಗೂಟ ಎಂದುಕೊಂಡಿರಬೇಕು. ಪಕ್ಕದಿಂದ ಕತ್ತು ಚಾಚಿ, ನನ್ನ ಕಾಲ ಬಳಿಯ ದಂಟನ್ನು ನೆಮ್ಮದಿಯಾಗಿ ತಿನ್ನತೊಡಗಿತು.

"ಲೇ."

ಹಳೆಯ ಅಭ್ಯಾಸ, ತಿರುಗಿದೆ. ತಿರುಗಿದ ಮೇಲೆ ನಾಚಿಕೆಯಾಯಿತು. ಎಂದಿನಂತೆ ಬೇರೆಲ್ಲಾದರೂ ನೋಡಬೇಕು ಎನ್ನುವಷ್ಟರಲ್ಲಿ ಅಕ್ಕ ನನ್ನನ್ನೇ ನೋಡುತ್ತಿರುವುದು ಮಂಜು ಗಾಜಿನೊಳಗಿಂದ ಕಂಡಿತು.

"ಬಿಡು, ತಿನ್ಲಿ," ಎಂದಳು. "ನಿಂಗೆ ಬರಲ್ಲ ಅದು. ಬಾ, ಕುಂತ್ಕ."

ಹೋಗಿ ಪಕ್ಕದಲ್ಲಿ ಕೂತೆ. ಅವಳು ಸೆರಗಿನ ತುದಿಯಿಂದ ನನ್ನ ಕನ್ನಡಕ ಒರೆಸಿ ಕೊಟ್ಟು, ಅದೇ ತುದಿಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಬಸವ ಮಡಿಯನ್ನೆಲ್ಲ ಮೇಯಿತು. ನಾಯಿಯನ್ನು ಹೂತ ಸಡಿಲ ಮಣ್ಣಿನಲ್ಲಿ ಒಂದಿಷ್ಟು ಮೆಂತ್ಯ ತಾನಾಗಿ ಮೊಳೆತಿತ್ತು. ಅದನ್ನೂ ಬಿಡಲಿಲ್ಲ. ನಾವಿಬ್ಬರೂ ಅದು ತಿಂದು ಮುಗಿಸುವವರೆಗೆ ನೋಡುತ್ತಾ ಕೂತಿದ್ದೆವು.