ಮೇಲ್ಮೆಟ್ಟಿಲ ಮೀಸಲು ನೀರು

ತನ್ನ ಮದುವೆಯ ಶಾಸ್ತ್ರಕ್ಕೆ ಹೊಳೆಯಿಂದ ತಂದ ಮೀಸಲು ನೀರಿನಲ್ಲಿ ಸಗಣಿ ತೇಲುತ್ತಿತ್ತು ಎಂಬ ಸಿಟ್ಟು ಪುಟ್ಟರಾಜುವಿಗೆ ಇನ್ನೂ ಇಳಿದಿಲ್ಲ. ಹಸೆಮಣೆಯ ಮೇಲೆ ಕೂತವನ ನೆತ್ತಿಗೆ ಅವ್ವ ಮುದ್ದಮ್ಮ ಅದನ್ನೇ ಸುರಿದಿದ್ದಳು. ಅವಳಾದರೂ ಏನು ಮಾಡಿಯಾಳು? ಯಗಚಿ ಹೊಳೆ ಅವರೂರಿಗೆ ಬರುವಾಗ ಮೊದಲು ಮೇಲುಗೇರಿಯವರ ಕಲ್ಲು ಮೆಟ್ಟಿಲು, ಆಮೇಲೆ ಎಮ್ಮೆ ತೊಳೆಯುವ ಮಡು, ಅದನ್ನೂ ದಾಟಿದರೆ ಕೆಳಗೇರಿಯವರ ಜಾಗ. ಎಮ್ಮೆ ಮಿಂದು ಬಿಟ್ಟ ನೀರೇ ಇವರ ಪಾಲಿನ ಗಂಗೆ.

ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದ ಪುಟ್ಟರಾಜು, ಬಿಕ್ಕೋಡಿನ ತೋಟಗಳಿಗೆ ಜೀಪಿನಲ್ಲಿ ಆಳುಗಳನ್ನು ತುಂಬಿಕೊಂಡು ಹೋಗಿ ಬಂದು ಮಗಳು ಮಾಲಿನಿಯನ್ನು ಓದಿಸಿದ. ಅವಳಿಗೆ ಅರಸೀಕೆರೆಯಲ್ಲಿ ಬ್ಯಾಂಕಿನ ಕೆಲಸ. ಬಾಣಾವರದ ಮೇಷ್ಟ್ರೊಬ್ಬರ ಜೊತೆ ಮದುವೆ ಗೊತ್ತಾಯಿತು. ಇಬ್ಬರೂ ಬುದ್ಧನಿಗೆ ಕೈಮುಗಿಯುವವರು.

"ಮೀಸಲು ನೀರೆಲ್ಲ ನಮಗ್ಯಾಕಪ್ಪಾ? ಆ ಶಾಸ್ತ್ರಗಳನ್ನ ಬಿಟ್ಟಾಯ್ತಲ್ಲ" ಅಂದಳು ಮಾಲಿನಿ.

"ಇದ್ದಿದ್ದನ್ನ ಬಿಡಬೌದು ಕಣವ್ವ. ಮೇಲ್ಮೆಟ್ಲ ನೀರು ನಮಗೆ ಯಾವತ್ತಿತ್ತು ಬಿಡಕ್ಕೆ? ಒಂದ್ಸಲ ತಂದು, ಆಮ್ಯಾಕೆ ಬಿಡನ."

"ಗಲಾಟೆ ಆಗುತ್ತೆ."

"ಆಗ್ಲಿ ಬಿಡು!"

ಎರಡೂ ಕೇರಿಗೆ ನಲ್ಲಿ ಬಂದು ಎಷ್ಟೋ ವರ್ಷವಾಗಿದೆ. ಹೊಳೆ ನೀರು ಬೇಕಾಗುವುದು ಮದುವೆಗೆ ಮಾತ್ರ. ಕೆಳಗೇರಿಯವರು ಮೇಲ್ಮೆಟ್ಟಿಲು ಇಳಿಯಬಾರದೆಂಬ ಕಟ್ಟುಪಾಡು ಮಾತ್ರ ಹಾಗೇ ಉಳಿದಿತ್ತು. ಹೆಂಗಸರು ಹೊರಬೇಕಾದ ಬಿಂದಿಗೆಯನ್ನು ತಾನೇ ಹೆಗಲಿಗೇರಿಸಿಕೊಂಡು ಪುಟ್ಟರಾಜು ಹೊರಟ. ಹಿಂದೆ ಮುದ್ದಮ್ಮ.

ಮೆಟ್ಟಿಲ ತುದಿಯಲ್ಲಿ ಮೇಲುಗೇರಿಯ ಸಿದ್ದಬಸಪ್ಪ ತನ್ನವರೊಂದಿಗೆ ಕೂತಿದ್ದ. "ಏನ್ಲಾ ಪುಟ್ಟರಾಜ, ಮೀಸಲಾತಿ ಸಾಲ್ದು ಅಂತ ಮೀಸಲು ನೀರಿಗೂ ಬಂದ್ಯೇನ್ಲಾ?" ಜೊತೆಯವರು ಗೊಳ್ಳೆಂದರು.

"ಹೂಂ ಕಣಣ್ಣ. ಈ ಮೆಟ್ಲಲ್ಲಿ ನೂರಕ್ಕೆ ನೂರೂ ನಿಮ್ದೇ ಮೀಸಲಾತಿ ನಡೀತಾ ಐತಲ್ಲ, ಅದ್ನ ಕೇಳಕ್ಕೇ ಬಂದೆ."

ಸಿದ್ದಬಸಪ್ಪ ಎದ್ದು ಅಡ್ಡ ನಿಂತ. ಪುಟ್ಟರಾಜು ಬಿಂದಿಗೆಯನ್ನು ಕೆಳಗಿಟ್ಟು ಪಂಚೆ ಎತ್ತಿ ಕಟ್ಟಿದ. ಅಷ್ಟರಲ್ಲಿ ಮುದ್ದಮ್ಮ ಇಬ್ಬರ ನಡುವೆ ಬಂದಳು.

"ದಾರಿ ಬಿಡಪ್ಪ ಬಸಪ್ಪ. ಹುಡುಗನಾಗಿದ್ದಾಗ ಇದೇ ಮೆಟ್ಲು ಜಾರಿ ಕೊಚ್ಕೊಂಡು ಹೋಗ್ತಿದ್ದೆ ನೀನು. ನನ್ ಗಂಡ ದ್ಯಾವಯ್ಯ ಕೂದ್ಲು ಹಿಡ್ದು ಎಳ್ದು ದಡಕ್ಕಾಕ್ದ. ಏನ್ ಬೇಕೋ ಕೇಳು ಅಂದ್ರು ನಿಮ್ಮಪ್ಪ. ನಮ್ ಹೆಂಗಸ್ರು ಮೇಲ್ಮೆಟ್ಲಲ್ಲಿ ನೀರ್ ತುಂಬ್ಕೊಳ್ಳಿ, ಸಾಕು ಅಂದ. ಆಗ್ಲಿ ನೋಡನ ಅಂದೋರು ನೋಡ್ತಾ ನೋಡ್ತಾನೇ ಸತ್ರು. ನನ್ ಗಂಡನೂ ಕಾದೂ ಕಾದೂ ಹೋದ."

ಸಿದ್ದಬಸಪ್ಪ ಹೊಳೆಯತ್ತ ಮುಖ ತಿರುಗಿಸಿ ಪಕ್ಕಕ್ಕೆ ಸರಿದ. ಪುಟ್ಟರಾಜು ಮೊಣಕಾಲುದ್ದ ನೀರಿಗಿಳಿದು, ಗುಳುಗುಳು ಸದ್ದು ನಿಲ್ಲುವ ತನಕ ಬಿಂದಿಗೆ ತುಂಬಿದ. ಮೇಲೆ ಬಂದಾಗ ಸಿದ್ದಬಸಪ್ಪ ಮೆಲ್ಲಗೆ ಅಂದ: "ತುಂಬ್ಕೊಂಡ್ಯಲ್ಲ. ಅಲ್ಲಿಗೆ ನಮ್ಮಪ್ಪನ ಮಾತು ತೀರ್ತು ಕಣೋ."

"ಎಲ್ಲಣ್ಣ ತೀರ್ತು? ಇದು ನಾನು ತಗಂಡಿದ್ದು, ನೀನು ಕೊಟ್ಟಿದ್ದಲ್ಲ. ನೀನಾಗಿ ನಮ್ ಕೇರಿಗೆ ಬಂದು, ಬನ್ರವ್ವ ನೀರಿಗೆ ಅಂತ ಕರಿ. ಆಗ ತೀರ್ತದೆ."

ಮದುವೆ ಮುಗಿಯಿತು. ಆಮೇಲೆ ಕೆಳಗೇರಿಯ ಇನ್ನೂ ಎರಡು ಮನೆಯವರು ಮೇಲ್ಮೆಟ್ಟಿಲಿಂದಲೇ ನೀರು ತಂದರು, ಯಾರನ್ನೂ ಕೇಳದೆ. ಸಿದ್ದಬಸಪ್ಪ ಮಾತ್ರ ಇವತ್ತಿನವರೆಗೆ ಆ ಕೇರಿಗೆ ಕಾಲಿಟ್ಟು ಕರೆದಿಲ್ಲ.